ಸ್ಪ್ಲೈನ್ ಅನಾಲಿಸಿಸ್ ಮಾಡಿಸುವವರೇ, ಪ್ಯಾಚ್ ಹೇಗೆ ಜೋಡಿಸಿದ್ದಾರೆ ಅಂತ ನೋಡದೆ ದುಡ್ಡು ಕೊಡಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಶೀಟ್ ಕೆಲಸ ಮಾಡುವ ಸಣ್ಣ ಯೂನಿಟ್‌ನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮ ಯೂನಿಟ್ ಇರುವುದು ತಾರಿಹಾಳದಲ್ಲಿ. ಬಾಗಿದ ತೆಳು ಶೀಟಿನ ದೊಡ್ಡ ಕವರ್ ಒಂದಕ್ಕೆ ಆರ್ಡರ್ ಬಂತು. ಗಿರಾಕಿ ಅನಾಲಿಸಿಸ್ ರಿಪೋರ್ಟ್, ಅಂದರೆ ಲೋಡ್ ಬಿದ್ದರೆ ಶೀಟ್ ಹೇಗೆ ಬಾಗುತ್ತದೆ ಅನ್ನುವ ಕಂಪ್ಯೂಟರ್ ಲೆಕ್ಕ, ಬೇಕೇ ಬೇಕು ಅಂದರು. ಊರಿನಲ್ಲೇ ಇರುವ ಒಂದು ಸರ್ವಿಸ್‌ನವರಿಗೆ ಕೆಲಸ ಕೊಟ್ಟೆವು. ಹೆಸರು ಬರೆಯುವುದಿಲ್ಲ. ಅಡ್ವಾನ್ಸ್ ಮೊದಲೇ ತೆಗೆದುಕೊಂಡರು.

"ಮೆಶ್ ಗಿಶ್ ಏನೂ ಬ್ಯಾಡ್ರಿ ಸರ್, ಕ್ಯಾಡ್ ಸರ್ಫೇಸ್ ಮ್ಯಾಲೇ ನೇರ ಅನಾಲಿಸಿಸ್" ಅಂದರು. ಮೆಶ್ ಅಂದರೆ ಲೆಕ್ಕಕ್ಕಾಗಿ ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆದ ಜಾಲ. ಈ ವಿಧಾನವೇನೂ ಸುಳ್ಳಲ್ಲ. ಐಸೋಜಿಯೊಮೆಟ್ರಿಕ್ ಅನಾಲಿಸಿಸ್ ಅಂತ 2005ರಲ್ಲಿ ಹ್ಯೂಸ್, ಕಾಟ್ರೆಲ್, ಬಜಿಲೆವ್ಸ್ ಬರೆದ ಪ್ರಬಂಧದಿಂದ ಹೆಸರಾಯಿತು. ಕ್ಯಾಡ್‌ನಲ್ಲಿ ಆಕಾರ ಬರೆಯುವ ನರ್ಬ್ಸ್ ಸ್ಪ್ಲೈನನ್ನೇ (ನಯವಾದ ಬಾಗುಗಳ ಗಣಿತ ಸೂತ್ರ) ಲೆಕ್ಕಕ್ಕೂ ಬಳಸುತ್ತಾರೆ. ಆದರೆ ನಮ್ಮ ಕವರ್ ಒಂದೇ ಸರ್ಫೇಸ್ ಅಲ್ಲ, ಹಲವು ಪ್ಯಾಚ್, ಅಂದರೆ ಅಂಚಿಗೆ ಅಂಚು ಸೇರಿದ ಸರ್ಫೇಸ್ ತುಂಡುಗಳು. ಒಂದರ ಅಂಚಿನಲ್ಲಿ ನಾಟ್ (ಸ್ಪ್ಲೈನಿನ ತುಣುಕುಗಳು ಸೇರುವ ಜಾಗ) ಜಾಸ್ತಿ, ಪಕ್ಕದ್ದರಲ್ಲಿ ಕಮ್ಮಿ. ಆಕಾರವನ್ನು ಹಿಡಿದಿಡುವ ಕಂಟ್ರೋಲ್ ಪಾಯಿಂಟ್‌ಗಳು ಎದುರುಬದುರು ಬರುವುದೇ ಇಲ್ಲ. ಹೀಗೆ ಹೊಂದದ ಅಂಚುಗಳನ್ನು ಪೆನಾಲ್ಟಿಯಿಂದಲೋ (ಅಂಚುಗಳು ದೂರ ಸರಿದಷ್ಟೂ ಎಳೆದು ಹಿಡಿಯುವ ಲೆಕ್ಕದ ಸ್ಪ್ರಿಂಗ್), ಇಲ್ಲ ಅದೇ ಕೆಲಸದ ಬೇರೆ ಗಣಿತ ದಾರಿಗಳಾದ ನಿಟ್ಶೆ ವಿಧಾನದಿಂದಲೋ, ಮಾರ್ಟರ್‌ನಿಂದಲೋ ಜೋಡಿಸಬೇಕು. ಕಷ್ಟ ಇರುವುದೇ ಅಲ್ಲಿ. ಅದರ ಬಗ್ಗೆ ಅವರು ಬಾಯಿ ಬಿಡಲಿಲ್ಲ.

ರಿಪೋರ್ಟ್ ಬಂತು. ಬಣ್ಣ ಬಣ್ಣದ ಚಿತ್ರ. ಜೋಡಣೆಯ ಉದ್ದಕ್ಕೂ ತಿಳಿನೀಲಿ. "ಜಾಯಿಂಟ್ ಫುಲ್ ಸೇಫ್ ಅದರಿ" ಅಂದರು. ಅದನ್ನೇ ಗಿರಾಕಿ ಮುಂದೆ ಇಟ್ಟೆವು. ಅವರ ಎಂಜಿನಿಯರ್ ಒಂದು ನಿಮಿಷ ನೋಡಿ ಕೇಳಿದರು: "ಲೋಡ್ ಬೀಳೋ ಜಾಗದಾಗ ಜೋಡಣೆ ಅದ. ಅಲ್ಲಿ ಬೆಂಡಿಂಗ್ ಮೊಮೆಂಟ್ ಸೊನ್ನೆ ಹ್ಯಾಂಗ್ ಬಂತು?" ಬೆಂಡಿಂಗ್ ಮೊಮೆಂಟ್ ಅಂದರೆ ಶೀಟನ್ನು ಬಾಗಿಸುವ ಬಲದ ಅಳತೆ; ತಿಳಿನೀಲಿ ಅಂದರೆ ಅದು ಸೊನ್ನೆ. ನಮ್ಮ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವರು ಲ್ಯಾಪ್‌ಟಾಪ್ ತಮ್ಮ ಕಡೆ ತಿರುಗಿಸಿಕೊಂಡು, ಬಾಗುವಿಕೆಯನ್ನು ಹತ್ತಾರು ಪಟ್ಟು ದೊಡ್ಡದು ಮಾಡಿದರು. ಶೀಟ್ ಆ ಗೆರೆಯಲ್ಲಿ ಬಾಗಿರಲಿಲ್ಲ, ಮಡಚಿಕೊಂಡಿತ್ತು. ಬಾಗಿಲ ಬಿಜಾಗರಿ ಹಾಗೆ! ಇಡೀ ರೂಮಿನ ಎದುರು ಅದು. ಮುಖ ಎಲ್ಲಿ ಇಟ್ಟುಕೊಳ್ಳಬೇಕು ಹೇಳಿ?

ಆದದ್ದು ಇಷ್ಟು. ಸರ್ವಿಸ್‌ನವರು ಬಳಸಿದ್ದು ಕಿರ್ಚಾಫ್-ಲವ್ ಶೆಲ್, ತೆಳು ಶೀಟಿನ ಲೆಕ್ಕದ ಒಂದು ಮಾದರಿ. ಅದರಲ್ಲಿ ತಿರುಗುವಿಕೆಗೆ ಬೇರೆ ಅಜ್ಞಾತ (ಲೆಕ್ಕದಲ್ಲಿ ಕಂಡುಹಿಡಿಯುವ ಸಂಖ್ಯೆ) ಇರುವುದಿಲ್ಲ, ಸ್ಥಳಾಂತರ, ಅಂದರೆ ಜಾಗದಿಂದ ಎಷ್ಟು ಸರಿಯಿತು ಅನ್ನುವುದು ಮಾತ್ರ. ಪ್ಯಾಚಿನ ಒಳಗೆ ಸ್ಪ್ಲೈನ್ ತಾನೇ ನಯವಾಗಿರುತ್ತದೆ, ಅಂಚಿನಲ್ಲಿ ಆ ನಯ ತಪ್ಪುತ್ತದೆ. ಹಾಗಾಗಿ ಅಂಚಿನಲ್ಲಿ ಸ್ಥಳಾಂತರದ ಜೊತೆ ಇಳಿಜಾರನ್ನೂ ಜೋಡಿಸಲೇಬೇಕು. ಇವರು ಸ್ಥಳಾಂತರ ಮಾತ್ರ ಕಟ್ಟಿ ಬಿಟ್ಟಿದ್ದರು. ಮೊಮೆಂಟ್ ಆಚೆ ದಾಟುವುದೇ ಇಲ್ಲ. ನೀಲಿ ಬಣ್ಣ ಬಂದದ್ದು ಅದಕ್ಕೆ. ಸೇಫ್ ಇದ್ದದ್ದಕ್ಕಲ್ಲ!

ಫೋನ್ ಮಾಡಿದರೆ ಉತ್ತರ: "ಅದು ಗ್ರಾಫಿಕ್ಸ್ ಪ್ರಾಬ್ಲಮ್‌ರಿ." ಮತ್ತೆ ಕೇಳಿದರೆ, "ರಿಯಾಕ್ಷನ್ ಟ್ಯಾಲಿ ಆಗ್ತದಲ್ರಿ, ಇನ್ನೇನ್ ಬೇಕ್ರಿ ನಿಮಗ?" ಹಾಕಿದ ಲೋಡಿಗೆ ಆಸರೆಗಳ ಎದುರುಬಲ (ರಿಯಾಕ್ಷನ್) ಸಮ ಅನ್ನುವ ಈ ಟ್ಯಾಲಿ ಮಾತಿಗೆ ಮರುಳಾಗಬೇಡಿ. ಅಂಚಿನ ಎರಡೂ ಕಡೆ ಪೆನಾಲ್ಟಿ ಬಲ ಸಮ, ದಿಕ್ಕು ಎದುರು. ಜೋಡಣೆ ಎಷ್ಟೇ ಸಡಿಲ ಇದ್ದರೂ ಒಟ್ಟು ರಿಯಾಕ್ಷನ್ ಟ್ಯಾಲಿ ಆಗಿಯೇ ಆಗುತ್ತದೆ.

ಜಗಳ ಆಡಿದ ಮೇಲೆ ಎರಡನೇ ರಿಪೋರ್ಟ್ ಕಳಿಸಿದರು. ಈ ಸಲ ಇಳಿಜಾರೂ ಕಟ್ಟಿದ್ದರು, ಆದರೆ ಪೆನಾಲ್ಟಿಗೆ ಸಿಕ್ಕಾಪಟ್ಟೆ ದೊಡ್ಡ ಅಂಕಿ ತುಂಬಿದ್ದರು. ಮಡಿಕೆ ಹೋಯಿತು, ಶೀಟೂ ಸುಳ್ಳುಸುಳ್ಳೇ ಗಟ್ಟಿಯಾಯಿತು. ಅಂಕಿ ಬದಲಿಸಿದರೆ ಉತ್ತರವೂ ಬದಲು. ಯಾಕೆ ಈ ಅಂಕಿ ಅಂದರೆ "ಸಾಫ್ಟ್‌ವೇರ್ ಡಿಫಾಲ್ಟ್‌ರಿ" ಅಂತೆ. ಅದು ಸುಮ್ನೆ ತುಂಬುವ ಅಂಕಿಯೇ ಅಲ್ಲ. ಶೀಟಿನ ದಪ್ಪ, ಮೆಟೀರಿಯಲ್, ಎಲಿಮೆಂಟಿನ (ಲೆಕ್ಕದ ಒಂದು ತುಣುಕಿನ) ಅಳತೆ ನೋಡಿ ಇಡಬೇಕು. ಸ್ಥಳಾಂತರಕ್ಕೆ ಎಳೆತದ ಗಟ್ಟಿತನದ ಲೆಕ್ಕ, ಇಳಿಜಾರಿಗೆ ಬಾಗುವ ಗಟ್ಟಿತನದ ಲೆಕ್ಕ. ಒಂದು ದಪ್ಪದ ಜೊತೆ ನೇರವಾಗಿ ಏರುತ್ತದೆ, ಇನ್ನೊಂದು ದಪ್ಪದ ಘನದ ಜೊತೆ. ಎರಡಕ್ಕೂ ಒಂದೇ ಅಂಕಿ ಹಾಕಿದ್ದರು ಇವರು!

ನೀವು ಮಾಡಿಸುವುದಾದರೆ ಅಡ್ವಾನ್ಸ್ ಕೊಡುವ ಮೊದಲೇ ಸ್ಕಾರ್ಡೆಲಿಸ್-ಲೋ ರೂಫ್ ಲೆಕ್ಕ ಮಾಡಿ ತೋರಿಸಿ ಅನ್ನಿ. ಬಾಗಿದ ಚಾವಣಿ ಭಾರಕ್ಕೆ ಎಷ್ಟು ಇಳಿಯುತ್ತದೆ ಅನ್ನುವ ಹಳೆಯ, ಈ ಕೆಲಸದವರಿಗೆಲ್ಲ ಗೊತ್ತಿರುವ ಪರೀಕ್ಷೆ ಅದು. ತ್ರಿಜ್ಯ 25, ಉದ್ದ 50, ದಪ್ಪ 0.25, ನಡುವಿನಿಂದ ಎರಡೂ ಕಡೆ 40 ಡಿಗ್ರಿ, ಯಂಗ್ಸ್ ಮಾಡ್ಯುಲಸ್ (ಮೆಟೀರಿಯಲ್‌ನ ಗಟ್ಟಿತನ) 43.2 ಕೋಟಿ, ಪಾಯ್ಸನ್ ಅನುಪಾತ (ಎಳೆದಾಗ ಅಡ್ಡಕ್ಕೆ ಕುಗ್ಗುವ ಪ್ರಮಾಣ) ಸೊನ್ನೆ, ಪ್ರತಿ ಚದರಕ್ಕೆ ಲೋಡ್ 90. ಬಿಡಿ ಅಂಚಿನ ನಡುವೆ ಸುಮಾರು 0.30 ಇಳಿಯಬೇಕು. ಒಂದೇ ಪ್ಯಾಚಿನಲ್ಲಿ ತೋರಿಸಿದರೆ ಒಪ್ಪಬೇಡಿ, ಅದು ಯಾರಿಗಾದರೂ ಬರುತ್ತದೆ. ಹೊಂದದ ಪ್ಯಾಚ್‌ಗಳಾಗಿ ಕತ್ತರಿಸಿ, ಜೋಡಿಸಿ, ಅದೇ ಉತ್ತರ ತರಲಿ. ಪೆನಾಲ್ಟಿಯನ್ನು ಹತ್ತು ಪಟ್ಟು ಏರಿಸಿ, ಇಳಿಸಿಯೂ ತೋರಿಸಲಿ.

ಬಾಕಿ ದುಡ್ಡು ಕೊಡ್ರಿ ಅಂತ ಅವರು ಈಗಲೂ ಮೆಸೇಜ್ ಹಾಕುತ್ತಿದ್ದಾರೆ. ಈ ರೂಫ್ ಲೆಕ್ಕ ಕಳಿಸಿ, ಆಮೇಲೆ ಮಾತಾಡೋಣ ಅಂದಿದ್ದೇನೆ. ಅದಕ್ಕೆ ಮಾತ್ರ ಉತ್ತರ ಇಲ್ಲ.