ಸ್ನೋ ಪೀಸ್: ಎತ್ತರದ ಬಳ್ಳಿಯೋ, ಗಿಡ್ಡ ತಳಿಯೋ?

ಬರುವ ಅಕ್ಟೋಬರ್‌ನಲ್ಲಿಯೂ ನಾನು ಬಿತ್ತುವುದು ಆರೆಗಾನ್ ಶುಗರ್ ಪಾಡ್ 2 ತಳಿಯನ್ನೇ. ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಎರಡು ಚಳಿಗಾಲ ಅದನ್ನೂ ಮ್ಯಾಮತ್ ಮೆಲ್ಟಿಂಗ್ ಶುಗರ್ ಎಂಬ ಎತ್ತರದ ತಳಿಯನ್ನೂ ಅಕ್ಕಪಕ್ಕದ ಚೀಲಗಳಲ್ಲಿ ಬೆಳೆದು ನೋಡಿದ್ದೇನೆ. ಎರಡೂ ಸ್ನೋ ಪೀಸ್, ಅಂದರೆ ಸಿಪ್ಪೆ ಸಮೇತ ತಿನ್ನುವ ಬಟಾಣಿಗಳೇ.

ಮ್ಯಾಮತ್ ನಾಲ್ಕೈದು ಅಡಿ ಏರುತ್ತದೆ. ಚಪ್ಪರದವರೆ ಬಳ್ಳಿಗೆ ನೆಡುವಂತೆ ಅದಕ್ಕೂ ಬಿದಿರಿನ ಗಳ ನೆಟ್ಟೆ. ತಪ್ಪಾಗಿದ್ದು ಅಲ್ಲಿಯೇ. ಚಪ್ಪರದವರೆಯ ಕಾಂಡವೇ ಗಳವನ್ನು ಸುತ್ತಿಕೊಂಡು ಹತ್ತುತ್ತದೆ. ಬಟಾಣಿ ಹಾಗಲ್ಲ, ಎಲೆಯ ತುದಿಯಿಂದ ಹೊರಡುವ ದಾರದಂಥ ಕುಡಿಗಳಿಂದ ಹಿಡಿದುಕೊಳ್ಳುತ್ತದೆ. ಹೆಬ್ಬೆರಳು ಗಾತ್ರದ ಬಿದಿರು ಆ ಕುಡಿಗಳ ಹಿಡಿತಕ್ಕೆ ಸಿಗುವುದೇ ಇಲ್ಲ. ಬಳ್ಳಿಗಳು ಒಂದನ್ನೊಂದು ತಬ್ಬಿಕೊಂಡು ಬೆಳೆದವು, ಡಿಸೆಂಬರ್‌ನ ಗಾಳಿಗೆ ಒಟ್ಟಾಗಿ ನೆಲಕ್ಕೆ ಮಲಗಿದವು. ಎತ್ತಿ ಕಟ್ಟಲು ಹೋದರೆ ಟೊಳ್ಳು ಕಾಂಡ ಬುಡದಲ್ಲಿಯೇ ಮುರಿಯಿತು. ಎಂಟರಲ್ಲಿ ಮೂರು ಗಿಡಗಳು ಹೀಗೆ ಹೋದವು. ಹೂ ಬಿಟ್ಟಿದ್ದ ಗಿಡಗಳು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡನೆಯ ವರ್ಷ ಗಳಗಳ ನಡುವೆ ಅಡ್ಡಡ್ಡವಾಗಿ ಸೆಣಬಿನ ದಾರ ಕಟ್ಟಿದೆ. ಬಳ್ಳಿ ಹತ್ತಿತು, ಆದರೆ ನಾಲ್ಕು ದಿನಕ್ಕೊಮ್ಮೆ ಇನ್ನೊಂದು ಸಾಲು ದಾರ ಬೇಕೇ ಬೇಕು. ಆರೆಗಾನ್ ಎರಡೂವರೆ ಅಡಿಗೆ ನಿಲ್ಲುತ್ತದೆ. ಊರಿನಿಂದ ತಂದ ಕವಲಿರುವ ತೊಗರಿ ಕಡ್ಡಿಗಳನ್ನು ಚೀಲಕ್ಕೆ ನಾಲ್ಕರಂತೆ ಚುಚ್ಚಿದೆ, ಅಷ್ಟೇ.

ಜನವರಿ ಕೊನೆಗೆ, ಹಗಲು ಒಣ ಬಿಸಿಲು ರಾತ್ರಿ ಚಳಿ ಎನ್ನುವ ಹೊತ್ತಿಗೆ, ಮ್ಯಾಮತ್ ಎಲೆಗಳ ಮೇಲೆ ಬೂದಿ ರೋಗದ ಬಿಳಿ ಪುಡಿ ಕಾಣಿಸಿತು. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆರೆಗಾನ್ ಶುಗರ್ ಪಾಡ್ 2 ತಳಿಗೆ ಈ ರೋಗವನ್ನು ತಡೆಯುವ ಗುಣವಿದೆ. ಒಂದು ಗೇಣು ದೂರದಲ್ಲಿದ್ದರೂ ಅದು ಹಸಿರಾಗಿಯೇ ಉಳಿಯಿತು. ನನ್ನ ಮಟ್ಟಿಗೆ ಇದು ಹಣದ ವಿಚಾರವೂ ಹೌದು. ಬಟಾಣಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಅಂದರೆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ; ಹಾಗಾಗಿ ಗಿಡದಲ್ಲಿಯೇ ಒಣಗಿದ ಕಾಯಿಯ ಬೀಜ ಮುಂದಿನ ವರ್ಷಕ್ಕಾಗುತ್ತದೆ. ಮ್ಯಾಮತ್ ಕಾಯಿ ಒಣಗುವ ಮೊದಲೇ ಸೊರಗಿದ್ದರಿಂದ ಮತ್ತೆ ಪೊಟ್ಟಣ ಕೊಳ್ಳಬೇಕಾಯಿತು.

ರುಚಿಯಲ್ಲಿ ಮ್ಯಾಮತ್ ಒಂದು ಗುಲಗಂಜಿ ಹೆಚ್ಚು ಸಿಹಿ, ಕಾಯಿಯೂ ದೊಡ್ಡದು.

ಆದರೆ ಕಾಳು ಉಬ್ಬುವ ಮೊದಲೇ, ಕಾಯಿ ಚಪ್ಪಟೆಯಾಗಿರುವಾಗಲೇ ಕೀಳಬೇಕು. ನಾನು ಕಚೇರಿಗೆ ಹೋಗುವವಳು, ತಾರಸಿ ಹತ್ತುವುದು ದಿನ ಬಿಟ್ಟು ದಿನ. ಎತ್ತರದ ಬಳ್ಳಿಯ ಎಲೆಗಳ ಮರೆಯಲ್ಲಿ ಬಲಿತು ನಾರಾದ ಕಾಯಿ ಪ್ರತಿ ಸಲವೂ ಸಿಗುತ್ತಿತ್ತು. ಗಿಡ್ಡ ಗಿಡದಲ್ಲಿ ಒಂದೇ ನೋಟಕ್ಕೆ ಎಲ್ಲವೂ ಕಾಣುತ್ತವೆ. ಒಗ್ಗರಣೆಯಲ್ಲಿ ಮೂರು ನಿಮಿಷ ಬಾಡಿಸಿ ತೆಂಗಿನತುರಿ ಉದುರಿಸಿದರೆ ಪಲ್ಯ ಸಿದ್ಧ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಂಪೂರ್ಣವೂ ಸಿಪ್ಪೆ ಸಮೇತ ತಿನ್ನುವ ಬಟಾಣಿ. ಮ್ಯಾಮತ್ ಇದ್ದ ಚೀಲಗಳು ಈ ಬಾರಿ ಅದಕ್ಕೆ.