ಗುಡ್ಡೆತೋಟದ ರೆಸಿಸ್ಟಿವಿಟಿ ಸರ್ವೆ: ಯಾವ ಕೆಲಸಕ್ಕೆ ಹಣ ಕೊಡಬಹುದು

ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಪೈವಳಿಕೆ ಕಡೆಯ ಅಡಿಕೆ ತೋಟಗಳಿಗೆ ಬೋರ್‌ವೆಲ್ ಪಾಯಿಂಟ್ ನೋಡಿಕೊಡುವ ರೆಸಿಸ್ಟಿವಿಟಿ ಸರ್ವೆ, ಅಂದರೆ ನೆಲ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆಂದು ಅಳೆಯುವ ಕೆಲಸ, ಒಳ್ಳೆಯ ಸೇವೆ. ಆದರೆ ರೀಡಿಂಗ್ ಶೀಟು ಕೊಡದೆ, ಕಲ್ಲಿಗೆ ಬಣ್ಣ ಬಳಿದು ಹೋಗುವವರಿಗೆ ಪೂರ್ತಿ ಹಣ ಕೊಡಬಾರದು.

ಒಂದೇ ಗೆರೆಯಲ್ಲಿ ನಾಲ್ಕು ಸರಳು ಊರುತ್ತಾರೆ. ಹೊರಗಿನ ಎರಡರಿಂದ ನೆಲಕ್ಕೆ ಕರೆಂಟ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಹೊರಗಿನವು ದೂರವಾದಷ್ಟೂ ಕರೆಂಟ್ ಆಳಕ್ಕಿಳಿಯುತ್ತದೆ. ಮಧ್ಯಬಿಂದುವಿನಿಂದ ಆಚೀಚೆ 100 ಮೀಟರಿಗೆ ಹೊರಸರಳು, ಒಳಸರಳುಗಳ ನಡುವೆ 20 ಮೀಟರ್ ಇದ್ದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಬಂದದ್ದಕ್ಕೆ ಗುಣಿಸಬೇಕಾದ ಸಂಖ್ಯೆ (ಗುಣಕ) ಸುಮಾರು 1555. 20 ಮಿಲಿಆಂಪಿಗೆ 2 ಮಿಲಿವೋಲ್ಟ್ ಬಂದರೆ ರೆಸಿಸ್ಟಿವಿಟಿ ಸುಮಾರು 155 ಓಂ-ಮೀಟರ್. ಶೀಟು ಕೈಯಲ್ಲಿದ್ದರೆ ಈ ಲೆಕ್ಕ ಯಾರು ಬೇಕಾದರೂ ಮಾಡಿ ನೋಡಬಹುದು.

ಬೇಸಿಗೆಯ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ಸರಳಿಗೆ ಹಿಡಿತವೇ ಸಿಗುವುದಿಲ್ಲ; ಕರೆಂಟ್ ಕುಸಿದು ರೀಡಿಂಗ್ ಕುಣಿಯುತ್ತದೆ. ಹೊರಸರಳಿನ ಬುಡಕ್ಕೆ ಉಪ್ಪುನೀರು ಹೊಯ್ಯಬೇಕು, ಕರೆಂಟಿನ ದಿಕ್ಕು ತಿರುಗಿಸಿ ಎರಡು ಬಾರಿ ಅಳೆದು ಸರಾಸರಿ ತೆಗೆಯಬೇಕು. ಗೆರೆಯ ಹತ್ತಿರ ಕಬ್ಬಿಣದ ಪೈಪು, ತಂತಿಬೇಲಿ ಇರಬಾರದು. ಹಳೆಯ ಸುರಂಗ ಇದ್ದರೆ ಮೊದಲೇ ಹೇಳಿ, ಅದರೊಳಗಿನ ಗಾಳಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಸರಳುಗಳಲ್ಲಿ ನೂರಾರು ವೋಲ್ಟ್ ಇರಬಹುದು. ದನಕರು, ಮಕ್ಕಳು ಹತ್ತಿರ ಬೇಡ.

ನಿಜವಾದ ತೊಡಕು ಅಳತೆ ಮುಗಿದ ಮೇಲೆ. ಮೇಲ್ಮೈಯ ಅಳತೆಯಿಂದಲೇ ಒಳಗಿನ ವಾಹಕತೆ (ರೆಸಿಸ್ಟಿವಿಟಿಯ ವಿಲೋಮ) ತಿಳಿಯಬಹುದೇ ಎಂದು ಗಣಿತಜ್ಞ ಆಲ್ಬೆರ್ತೊ ಕಾಲ್ದೆರಾನ್ 1980ರಲ್ಲಿ ಕೇಳಿದರು. ವಾಹಕತೆ ನಯವಾಗಿ ಬದಲಾಗುವ ಮೂರು ಆಯಾಮದ ವಸ್ತುವಿಗೆ ಹೌದು ಎಂದು 1987ರಲ್ಲಿ ಸಿಲ್ವೆಸ್ಟರ್ ಮತ್ತು ಉಲ್ಮನ್ ಸಾಧಿಸಿದರು. ಆದರೆ ಅದು ಇಡೀ ಮೇಲ್ಮೈಯನ್ನು ದೋಷವಿಲ್ಲದೆ ಅಳೆದಾಗಿನ ಮಾತು. ತೋಟದಲ್ಲಿ ಸಿಗುವುದು ಒಂದು ಗೆರೆಯ ಕೆಲವೇ ರೀಡಿಂಗು. 20 ಓಂ-ಮೀಟರಿನ 5 ಮೀಟರ್ ಪದರ, 40 ಓಂ-ಮೀಟರಿನ 10 ಮೀಟರ್ ಪದರ: ಎರಡರಲ್ಲೂ ದಪ್ಪವನ್ನು ರೆಸಿಸ್ಟಿವಿಟಿಯಿಂದ ಭಾಗಿಸಿದರೆ 0.25. ಮೇಲೆ ಹೆಚ್ಚು ರೆಸಿಸ್ಟಿವಿಟಿಯ ಮುರ, ಕೆಳಗೆ ಗಟ್ಟಿ ಬಂಡೆ ಇದ್ದಾಗ ರೀಡಿಂಗು ಮುಖ್ಯವಾಗಿ ಈ ಭಾಗಲಬ್ಧವನ್ನೇ ಅವಲಂಬಿಸುವುದರಿಂದ ಇವೆರಡರ ಗ್ರಾಫು ಬೇರೆ ಮಾಡುವುದೇ ಕಷ್ಟ. ಮುರದ ಅಡಿಯ ಜೇಡಿ ಯಾವುದು, ನೀರು ಹಿಡಿದ ಸವಕಲು ಬಂಡೆ ಯಾವುದು ಎಂಬ ಗೊಂದಲ ಹುಟ್ಟುವುದು ಇಲ್ಲೇ. ಹಾಗಾಗಿ ಒಂದೇ ಪದರಚಿತ್ರ ಕೊಟ್ಟು ‘ಇಷ್ಟು ಇಂಚು ನೀರು’ ಎನ್ನುವ ವರದಿಯನ್ನು ನಂಬಬೇಡಿ. ಇಂಚಿನ ಲೆಕ್ಕ ಓಂ-ಮೀಟರಿನಿಂದ ಹುಟ್ಟುವುದಿಲ್ಲ.

ಇಳಿಜಾರು ತೋಟಕ್ಕೆ ಬಹು-ಸರಳಿನ ಇಮೇಜಿಂಗ್ (ಹತ್ತಾರು ಸರಳು ಊರಿ ಗೆರೆಯುದ್ದಕ್ಕೂ ನೆಲದೊಳಗಿನ ಚಿತ್ರ ತೆಗೆಯುವುದು) ಮೇಲು. ನಾಲ್ಕು ಸರಳಿನ ಲೆಕ್ಕ ಪದರಗಳು ಮಟ್ಟಸವಾಗಿವೆ ಎಂದುಕೊಂಡು ಸಾಗುತ್ತದೆ. ನಮ್ಮ ಗುಡ್ಡೆಗಳಲ್ಲಿ ಅದು ಅಪರೂಪ. 5 ಮೀಟರಿಗೊಂದರಂತೆ 48 ಸರಳಿಗೆ 235 ಮೀಟರ್ ಗೆರೆ ಬೇಕು. ಬಂಡೆಯ ಕಡಿದಾದ ಬಿರುಕು ಇದರಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅಂಚು ಮಸುಕಾಗಿಯೇ ಇರುತ್ತದೆ.

ಎರಡರಲ್ಲಿ ಯಾವುದೇ ಮಾಡಿಸಿದರೂ ಒಂದು ಗೆರೆಯನ್ನು ಪದರಗಳ ದಾಖಲೆ ಇರುವ ಹಳೆ ಬೋರ್‌ವೆಲ್ಲಿನ ಪಕ್ಕ ಹಾಕಿಸಿ. ಜೇಡಿ ಎಷ್ಟು ಓಂ-ಮೀಟರ್ ತೋರಿಸುತ್ತದೆಂದು ಅಲ್ಲಿ ಗೊತ್ತಾದ ಮೇಲೆ ಹೊಸ ಜಾಗದ ಗ್ರಾಫು ಓದಲಿ. ಈ ಹೆಚ್ಚುವರಿ ಗೆರೆಗೆ ಒಪ್ಪುವ ತಂಡಕ್ಕೆ ತುಸು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.