‘ಬ್ರೀಮ್ ಸ್ಪೆಷಲ್’ ಮೇವಿನ ಪೊಟ್ಟಣ ನಮ್ಮ ಅಳಿವೆಗೆ ಬೇಡ

ಗಾಳ ಹಾಕುವ ಹುಡುಗರ ಕೈಯಲ್ಲಿ ಈಚೆಗೆ, ಮೀನು ಸೆಳೆಯಲು ನೀರಿಗೆ ಎಸೆಯುವ ಮೇವಿನ ಒಂದು ಬಣ್ಣದ ಪೊಟ್ಟಣ ಕಾಣುತ್ತಿದೆ. ಮೇಲೆ ಅಗಲ ಮೈಯ ಮೀನಿನ ಚಿತ್ರ, ಕೆಳಗೆ ‘ಬ್ರೀಮ್’ ಎಂದು ದಪ್ಪಕ್ಷರ. ನಮ್ಮ ಹೊಳೆಬಾಯಿಗಳಲ್ಲಿ ಸೀ ಬ್ರೀಮ್ ಇರುವುದು ನಿಜವಾದ್ದರಿಂದ ತರಿಸಿಕೊಂಡವರು ಅನುಮಾನ ಪಡುವುದಿಲ್ಲ. ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ.

ಈ ಬೇಸಗೆಯಲ್ಲಿ ಉತ್ತರ ಕನ್ನಡದ ತದಡಿಯಿಂದ ಸ್ವಲ್ಪ ಮೇಲಕ್ಕೆ, ಅಘನಾಶಿನಿ ದಡದಲ್ಲಿ, ಘಟ್ಟದ ಮೇಲಿಂದ ಬಂದ ಒಂದು ಗುಂಪು ಪೊಟ್ಟಣದ ಹಿಂದೆ ಬರೆದದ್ದನ್ನೇ ಅಕ್ಷರಶಃ ಪಾಲಿಸಿತು. ಐದು ಕಿಲೋ ಒಣ ಪುಡಿಯನ್ನು ಬಾವಿನೀರಿನಲ್ಲಿ ಕಲಸಿ, ಕಿತ್ತಳೆ ಗಾತ್ರದ ಉಂಡೆ ಕಟ್ಟಿ, ಭರತ (ಸಮುದ್ರದ ಉಬ್ಬರ) ತುಂಬಿ ನೀರು ನಿಂತಿದ್ದ ಹೊತ್ತಿಗೆ ಅಷ್ಟನ್ನೂ ಒಂದೇ ಕಡೆ ಎಸೆದರು. ಸ್ವಲ್ಪ ಹೊತ್ತಿನಲ್ಲಿ ಇಳಿತ ಶುರುವಾಯಿತು. ಉಂಡೆ ಒಡೆದು ಮೇವೆಲ್ಲ ಸಮುದ್ರದ ಕಡೆ ಹರಿದುಹೋಯಿತು. ಅವರ ಗಾಳ ಮಾತ್ರ ಬರಿದಾದ ತಳದಲ್ಲಿ ಬಿದ್ದುಕೊಂಡಿತ್ತು. ವಾಸನೆ ಹಿಡಿದು ಬಂದದ್ದು ತೇಡೆ ಮೀನು, ಒಂದರ ಹಿಂದೆ ಒಂದು. ಗಾಳ ಬಿಡಿಸುವಾಗ ಒಬ್ಬರ ಹೆಬ್ಬೆರಳ ಬುಡಕ್ಕೆ ಅದರ ಮುಳ್ಳು ಇಳಿಯಿತು. ಮಣಿಕಟ್ಟಿನವರೆಗೆ ಊದಿಕೊಂಡ ಕೈ ಹಿಡಿದು ಆಸ್ಪತ್ರೆಗೆ ಓಡಬೇಕಾಯಿತು. ಬ್ರೀಮ್ ಒಂದೂ ಸಿಗಲಿಲ್ಲ.

ಆ ಗುಂಪಿನವರ ಕೈಗುಣ ಕೆಟ್ಟದ್ದಲ್ಲ, ಪೊಟ್ಟಣದ ಸೂಚನೆ ಬೇರೆ ಮೀನಿನದು. ಯುರೋಪಿನಲ್ಲಿ ಬ್ರೀಮ್ ಎಂದರೆ ಕೆರೆ, ಕಾಲುವೆ, ನಿಧಾನ ಹರಿವ ನದಿಗಳ ಸಿಹಿನೀರಿನ ಮೀನು, ನಮ್ಮ ರೋಹು ಮತ್ತು ಗೆಂಡೆಗಳ ಕುಲದ್ದು. ದವಡೆಯಲ್ಲಿ ಹಲ್ಲಿಲ್ಲ. ಬಾಯನ್ನು ಕೊಳವೆಯಂತೆ ಮುಂದೆ ಚಾಚಿ ಕೆಸರಿನಿಂದ ಹುಳ, ಕಾಳು ಹೀರುತ್ತದೆ. ದೊಡ್ಡ ಹಿಂಡಾಗಿ ತಿರುಗುವ ಅದನ್ನು ನಿಲ್ಲಿಸಬೇಕಾದರೆ ಬ್ರೆಡ್ ಪುಡಿ, ಮೆಕ್ಕೆಜೋಳ, ಕಾಕಂಬಿ ಸೇರಿಸಿದ ಮೇವನ್ನು ರಾಶಿಯಾಗಿ ಸುರಿಯುವುದು ಅಲ್ಲಿಯ ಪದ್ಧತಿ. ನಿಂತ ನೀರಿಗೆ ಅದು ಸರಿಯೇ. ನಮ್ಮ ಅಳಿವೆಯ ಸೀ ಬ್ರೀಮ್ ಬೇರೆ ಕುಲ. ಮುಂದೆ ಚೂಪು ಹಲ್ಲು, ಒಳಗೆ ಸಾಲು ಸಾಲು ದವಡೆ ಹಲ್ಲು. ಬಳಚು, ಕಲ್ವದಂಥ ಚಿಪ್ಪುಜೀವಿ, ಸಣ್ಣ ಏಡಿ, ಶೆಟ್ಲಿ (ಸಿಗಡಿ) ಇವುಗಳನ್ನು ಕಡಿದು ಪುಡಿಮಾಡಿ ತಿನ್ನುವುದು ಅದರ ಬದುಕು. ಕಲ್ವ ಹತ್ತಿದ ಕಲ್ಲು, ಸೇತುವೆಯ ಕಂಬ, ಚಿರೆಕಲ್ಲಿನ ದಂಡೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು, ಇವುಗಳ ಪಕ್ಕ ಹೊಂಚುತ್ತದೆ. ಬ್ರೆಡ್ ಪುಡಿಯ ರಾಶಿ ಅದನ್ನು ಆ ಮರೆಯಿಂದ ಹೊರಗೆಳೆಯುವುದಿಲ್ಲ.

ಎರಡನೆಯ ತಪ್ಪು ಹರಿವಿನ ಲೆಕ್ಕದ್ದು. ನೀರು ಸೆಕೆಂಡಿಗೆ 30 ಸೆಂಟಿಮೀಟರ್ ಓಡುತ್ತಿದೆ, ಆಳ ಮೂರು ಮೀಟರ್ ಅಂದುಕೊಳ್ಳಿ. ಬಿಡಿಬಿಡಿಯಾದ ಹಗುರ ಪುಡಿ ಸೆಕೆಂಡಿಗೆ 5 ಸೆಂಟಿಮೀಟರ್ ಇಳಿದರೆ ತಳ ಮುಟ್ಟಲು ಒಂದು ನಿಮಿಷ ಬೇಕು. ಅಷ್ಟರಲ್ಲಿ ಅದು 18 ಮೀಟರ್ ದೂರ ಹೋಗಿರುತ್ತದೆ. ಅದೇ ಮೇವನ್ನು ಜೇಡಿಯಲ್ಲಿ ಬಿಗಿದ ಉಂಡೆ ಸೆಕೆಂಡಿಗೆ ಅರ್ಧ ಮೀಟರ್ ಇಳಿದರೆ ಎರಡು ಮೀಟರಿನೊಳಗೆ ನೆಲ ಕಾಣುತ್ತದೆ. ಮೇವು ಒಂದು ಕಡೆ, ಗಾಳಕ್ಕೆ ಸಿಕ್ಕಿಸಿದ ಎರೆ ಇನ್ನೊಂದು ಕಡೆ ಆದರೆ ಮೀನನ್ನು ನಾವೇ ದೂರ ಅಟ್ಟಿದಂತೆ. ಹರಿವು ತಿಳಿಯಲು ತೆಂಗಿನ ಸಿಪ್ಪೆಯ ಚೂರು ಎಸೆದು, ದಡದಲ್ಲಿ ಹತ್ತು ಮೀಟರ್ ಅಳೆದು, ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ ನೋಡಿ. ಇಪ್ಪತ್ತು ಸೆಕೆಂಡಿಗಿಂತ ಬೇಗ ದಾಟಿದರೆ ಮೇವು ಹಾಕುವುದನ್ನೇ ನಿಲ್ಲಿಸಿ. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಎರಡು ಮೀಟರಿನಷ್ಟಾಗುತ್ತದೆ. ಆ ದಿನಗಳ ನಡು ಇಳಿತದಲ್ಲಿ ಯಾವ ಉಂಡೆಯೂ ನಿಲ್ಲುವುದಿಲ್ಲ. ಅಷ್ಟಮಿಯ ಹತ್ತಿರದ ದಿನಗಳು ಮೇವಿಗೆ ಒಳ್ಳೆಯವು.

ಹೊಳೆಯಿಂದ ಹೊಳೆಗೂ ವ್ಯತ್ಯಾಸವಿದೆ, ಇದನ್ನು ಯಾವ ಪೊಟ್ಟಣವೂ ಹೇಳದು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆ ನಿಂತು ಬೇಸಗೆ ಬಲಿತಂತೆ ಉಪ್ಪು ಮೇಲಕ್ಕೆ ಹತ್ತುತ್ತದೆ, ಬಳಚಿನ ನೆಲಕ್ಕೂ ಈ ಹೊಳೆ ಹೆಸರಾದದ್ದು. ಶರಾವತಿಯ ಕಥೆಯೇ ಬೇರೆ. ಲಿಂಗನಮಕ್ಕಿ, ಗೇರುಸೊಪ್ಪೆಗಳ ವಿದ್ಯುದಾಗರದ ನೀರು ಬೇಸಗೆಯಲ್ಲೂ ಹರಿದುಬರುವುದರಿಂದ ಹೊನ್ನಾವರದ ಮೇಲ್ಭಾಗದಲ್ಲಿ ಉಪ್ಪು ಕಡಿಮೆ. ಅಲ್ಲಿ ಹೊಳೆಬಾಯಿಯ ಹತ್ತಿರ, ಭರತ ಏರುವಾಗಷ್ಟೇ ಪ್ರಯತ್ನಿಸಿ. ಕಾಳಿ ಹೊಳೆಯಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಮಳೆಗಾಲದ ದಿನಗಳಲ್ಲಿ ದಡಕ್ಕೇ ಇಳಿಯಬೇಡಿ, ನೀರು ಹೇಳದೆ ಕೇಳದೆ ಏರುತ್ತದೆ.

ಹಾಗಾದರೆ ಮೇವು ಹೇಗಿರಬೇಕು? ಒಂದು ಭರತಕ್ಕೆ ಇಷ್ಟು ಸಾಕು: ಹೊಳೆಯಂಚಿನ ಜೇಡಿ ಬೆರೆತ ಮರಳು ಎರಡು ಕಿಲೋ, ಜಜ್ಜಿದ ಶೆಟ್ಲಿ ತಲೆ ಮತ್ತು ಸಿಪ್ಪೆ ಅರ್ಧ ಕಿಲೋ, ಚಿಪ್ಪು ಸಮೇತ ಕುಟ್ಟಿದ ಬಳಚು ಕಾಲು ಕಿಲೋ, ಅಂಟಿಗೆ ಎರಡು ಮುಷ್ಟಿ ಅಕ್ಕಿ ತೌಡು. ಕಲಸುವುದು ಹೊಳೆಯ ನೀರಿನಲ್ಲೇ, ಸ್ವಲ್ಪ ಸ್ವಲ್ಪವಾಗಿ. ಒಂದೇ ಸಲ ನೀರು ಸುರಿದರೆ ತೌಡು ಗಂಟುಕಟ್ಟಿ ಉಂಡೆ ಮಧ್ಯದಲ್ಲಿ ಒಣಗಿಯೇ ಉಳಿಯುತ್ತದೆ, ಆಮೇಲೆ ಅದು ತೇಲುವುದೂ ಉಂಟು. ಕಲಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹದ ನೋಡಿ. ನಿಂಬೆಹಣ್ಣಿನ ಗಾತ್ರದ ಒಂದು ಉಂಡೆಯನ್ನು ಬಕೆಟ್ಟಿನ ನೀರಿಗೆ ಬಿಡಿ. ತಳ ಮುಟ್ಟುವ ತನಕ ಒಡೆಯಬಾರದು, ಮೂರರಿಂದ ಐದು ನಿಮಿಷದಲ್ಲಿ ತಾನಾಗಿ ಬಿಚ್ಚಿಕೊಳ್ಳಬೇಕು. ಹತ್ತು ನಿಮಿಷವಾದರೂ ಗಟ್ಟಿಯಾಗಿಯೇ ಕೂತಿದ್ದರೆ ಜೇಡಿ ಹೆಚ್ಚಾಗಿದೆ, ಇನ್ನೊಂದಿಷ್ಟು ಮರಳು ಸೇರಿಸಿ. ಬಳಚನ್ನು ಮಾರುವವರಿಂದಲೇ ಕೊಳ್ಳಿ. ನೆಲ ಅಗೆದು ತೆಗೆಯುವುದು ಅದನ್ನೇ ನಂಬಿದವರ ಹೊಟ್ಟೆಯ ಮೇಲೆ ಹೊಡೆದಂತೆ.

ಭರತ ಏರಲು ಶುರುವಾಗಿ ಒಂದು ಗಂಟೆ ಕಳೆದ ಮೇಲೆ ಮೂರು ಉಂಡೆ ಹಾಕಿ. ಅನಂತರ ಕಾಲು ಗಂಟೆಗೆ ಒಂದೇ ಒಂದು. ಎಸೆಯುವುದು ಎರೆ ಬಿದ್ದ ಜಾಗಕ್ಕಿಂತ ಒಂದೆರಡು ಮೀಟರ್ ಹರಿವಿನ ಮೇಲ್ಗಡೆ. ಮೀನು ಮುಟ್ಟಲು ಶುರುಮಾಡಿದರೆ ಹುರುಪಿನಲ್ಲಿ ಹೆಚ್ಚು ಹಾಕುವುದೇ ಎಲ್ಲರೂ ಮಾಡುವ ಕೆಲಸ. ಹಾಕಬೇಡಿ. ಹೊಟ್ಟೆ ತುಂಬಿದ ಬ್ರೀಮ್ ಎರೆಯನ್ನು ನೂಕಿ ಬಿಟ್ಟುಬಿಡುತ್ತದೆ. ಮೂರು ತೇಡೆ ಸಾಲಾಗಿ ಬಂದವೆಂದರೆ ಮೇವು ಪೂರ್ತಿ ನಿಲ್ಲಿಸಿ ಜಾಗ ಬದಲಿಸಿ, ಕನಿಷ್ಠ ಐವತ್ತು ಮೀಟರ್ ಆಚೆಗೆ, ಕೆಸರು ಬಿಟ್ಟು ಕಲ್ಲಿನ ಕಡೆಗೆ.

ಎರೆಗೆ ಸಣ್ಣ ಜೀವಂತ ಶೆಟ್ಲಿ ಎಲ್ಲಕ್ಕಿಂತ ಮೇಲು. ಬಾಲದ ಕೊನೆಯ ಗೆಣ್ಣಿನಲ್ಲಿ ಗಾಳ ಚುಚ್ಚಿದರೆ ಬಹಳ ಹೊತ್ತು ಬದುಕಿರುತ್ತದೆ. ಸಣ್ಣ ಮೀನು ಕಿತ್ತು ಹಾಳುಮಾಡುವ ಕಡೆ ಕಾಲು ಮುರಿದ ಚಿಕ್ಕ ಏಡಿ ಅಥವಾ ಬಳಚಿನ ಮಾಂಸವನ್ನು ಹೊಲಿಗೆ ದಾರದಲ್ಲಿ ಎರಡು ಸುತ್ತು ಕಟ್ಟಿ ಹಾಕಿ. ಪೊಟ್ಟಣದ ಜತೆ ಉಚಿತವಾಗಿ ಕೊಡುವ ತೆಳು ತಂತಿಯ ಗಾಳವನ್ನು ಈ ಮೀನು ಹಲ್ಲಿನಲ್ಲೇ ಬಗ್ಗಿಸುತ್ತದೆ. ದಪ್ಪ ತಂತಿಯ 2 ಅಥವಾ 4ನೇ ನಂಬರಿನ ಗಾಳ, 0.30 ಮಿಲಿಮೀಟರಿನ ತಂಗೂಸಿ ದಾರ, ತುದಿಯ ಅರ್ಧ ಮೀಟರಿಗೆ ಇನ್ನೂ ದಪ್ಪನೆಯದು, ಏಕೆಂದರೆ ಕಲ್ವದ ಅಂಚು ಬ್ಲೇಡು. ಸೀಸ 30ರಿಂದ 60 ಗ್ರಾಂ, ದಾರದ ಮೇಲೆ ಸಲೀಸಾಗಿ ಜಾರುವಂತಿರಲಿ. ಭಾರ ತಾಗಿದ ಕೂಡಲೇ ಬ್ರೀಮ್ ಉಗುಳಿಬಿಡುತ್ತದೆ.

ತೇಡೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆನ್ನಿನ ಮೇಲೆ ಒಂದು, ಎರಡು ಪಕ್ಕಕ್ಕೆ ಒಂದೊಂದು, ಮೂರೂ ಗರಗಸದಂಥ ವಿಷಮುಳ್ಳು. ಬರಿಗೈಯಲ್ಲಿ ಹಿಡಿಯಬೇಡಿ, ಕಾಲಲ್ಲಿ ಒತ್ತಿ ಹಿಡಿಯಲೂ ಬೇಡಿ, ಚಪ್ಪಲಿಯನ್ನು ತೂರಿ ಬರುತ್ತದೆ. ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸಿ, ಆಗದಿದ್ದರೆ ದಾರ ಕತ್ತರಿಸಿ. ಚುಚ್ಚಿದರೆ ಗಾಯ ತೊಳೆದು, ಸಹಿಸುವಷ್ಟು ಬಿಸಿಯಾದ, 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಅದ್ದಿಡಿ. ನೋವಿನಲ್ಲಿ ಬಿಸಿ ಎಷ್ಟೆಂದು ಗೊತ್ತಾಗುವುದಿಲ್ಲ, ಹಾಗಾಗಿ ನೋವಿಲ್ಲದ ಕೈಯಲ್ಲಿ ಮೊದಲು ಮುಟ್ಟಿ ನೋಡಬೇಕು. ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯುವುದು ಇದಕ್ಕೇ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ಮುಳ್ಳಿನ ಚೂರು ಒಳಗೇ ಉಳಿದರೆ ಕೀವಾಗುತ್ತದೆ, ಧನುರ್ವಾಯು ಚುಚ್ಚುಮದ್ದೂ ಬೇಕಾಗಬಹುದು.

ಗಜನಿಯ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಯ, ಜಂತ್ರಡಿ (ನೀರು ಬಿಡುವ ಬಾಗಿಲು) ಬಾಯಲ್ಲಿ ಮೇವು ಸುರಿಯುವವರಿಗೆ ಇನ್ನೊಂದು ಮಾತು. ಅಲ್ಲಿ ನೀರು ನಿಲ್ಲುತ್ತದೆ. ತಿನ್ನದೆ ಬಿದ್ದ ಹಿಟ್ಟು ಕೊಳೆತು ನೀರಿನ ಆಮ್ಲಜನಕ ಹೀರುತ್ತದೆ, ತಳ ಕಪ್ಪಾಗಿ ನಾರುತ್ತದೆ. ಒಳಗಿರುವುದು ಯಾರದೋ ವರ್ಷದ ಶೆಟ್ಲಿ ಬೆಳೆ. ಗಜನಿಯವರ ಒಪ್ಪಿಗೆಯಿಲ್ಲದೆ ಅಲ್ಲಿ ಗಾಳವನ್ನೂ ಹಾಕಬೇಡಿ.

ಸಿಕ್ಕಿದ್ದರಲ್ಲಿ ಅಂಗೈಗಿಂತ ಚಿಕ್ಕದನ್ನು ಬಿಟ್ಟುಬಿಡಿ, ತೀರ ದೊಡ್ಡದನ್ನೂ ಬಿಡಿ. ಈ ಕುಲದ ಎಷ್ಟೋ ಮೀನು ಮೊದಲು ಗಂಡಾಗಿದ್ದು ಬೆಳೆದ ಮೇಲೆ ಹೆಣ್ಣಾಗುವುದರಿಂದ ದೊಡ್ಡವುಗಳಲ್ಲಿ ಮೊಟ್ಟೆ ಇಡುವವೇ ಹೆಚ್ಚು.

ಪೊಟ್ಟಣ ಈಗಾಗಲೇ ಮನೆಗೆ ಬಂದಿದ್ದರೆ, ಒಡೆಯದಿದ್ದರೆ ವಾಪಸು ಕಳಿಸಿ. ಒಡೆದಿದ್ದರೆ ಹೊಳೆಗೆ ಸುರಿಯಬೇಡಿ. ಶಿರಸಿ, ಬನವಾಸಿ ಕಡೆ ರೋಹು, ಗೆಂಡೆ ಬಿಟ್ಟಿರುವ ಕೆರೆಗಳಲ್ಲಿ, ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಕೊಂಡು, ಸಲಕ್ಕೆ ಅರ್ಧ ಕಿಲೋದಂತೆ ಬಳಸಬಹುದು. ಕಲಸಿದ್ದು ಬೇಸಗೆಯ ಸೆಕೆಗೆ ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ, ಆದ್ದರಿಂದ ಆ ಹೊತ್ತಿಗೆ ಬೇಕಾದಷ್ಟನ್ನೇ ಕಲಸಿ, ಉಳಿದ ಒಣ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.